ಎರಡನೇ ಕೃಷ್ಣ

ನಮ್ಮ ನಂಜನಗೂಡು, ನರಸೀಪುರದ ಕಡೆ ಕರಪತ್ರ ಹೊಡೆಸಲು ಹೋದವರು 'ಪ್ರಪ್ರಥಮ ಬಾರಿಗೆ' ಎಂದು ಹಾಕಿಸದೆ ಪ್ರೆಸ್ಸಿನಿಂದ ಹೊರಗೆ ಬಂದದ್ದನ್ನು ನಾನು ಕಾಣೆ. ಆಷಾಢದ ರಿಯಾಯಿತಿಯೂ ಪ್ರಪ್ರಥಮ, ಕಣ್ಣಿನ ತಪಾಸಣೆ ಶಿಬಿರವೂ ಪ್ರಪ್ರಥಮ. ಕುರುಕ್ಷೇತ್ರ ನಾಟಕವಂತೂ ವರ್ಷಕ್ಕೊಮ್ಮೆ ಊರೂರಿನಲ್ಲೂ ಪ್ರಪ್ರಥಮವೇ. ಹಬ್ಬ ಬಂದು ಬೆಳೆ ಕೈಸೇರಿದ ಮೇಲೆ ಆಟೋದ ತಲೆಗೆ ಮೈಕು ಕಟ್ಟಿ ಬೀದಿಬೀದಿಯಲ್ಲಿ ಸಾರುತ್ತಾರೆ. ಅಜ್ಜನ ಕಾಲದಿಂದ ಕಂಡ ನಾಟಕವಲ್ಲವೇ ಇದು ಎಂದು ಯಾರೂ ತಕರಾರು ತೆಗೆಯುವುದಿಲ್ಲ. ಈ ಹುಡುಗರು ಆಡುತ್ತಿರುವುದು ಇದೇ ಮೊದಲು ತಾನೆ, ಅಷ್ಟು ಸಾಕು.

ಹೀಗಾಗಿ ಬೆಂಗಳೂರಿನಿಂದ ತಂಗಿಯ ಮಗಳು ಫೋನು ಮಾಡಿ, "ಮಾಮ, ನಮ್ಮ ಸ್ಕೂಲಲ್ಲಿ ಮ್ಯೂಸಿಕಲ್ ಮಾಡ್ತಿದೀವಿ, ಇಂಡಿಯಾದಲ್ಲೇ ಫಸ್ಟ್ ಟೈಮ್!" ಅಂದಾಗ ನನಗೆ ಮೊದಲು ನೆನಪಾದದ್ದು ಆ ಮೈಕಿನ ಆಟೋ. ಅಮೆರಿಕದ ನಾಟಕ, ಹಾಡು ಕುಣಿತ ಎಲ್ಲ ಇರುವಂಥದು, ಅಲ್ಲಿ ವರ್ಷಗಟ್ಟಲೆ ಓಡಿದೆಯಂತೆ. ನಮ್ಮ ದೇಶದಲ್ಲಿ ಯಾರೂ ಆಡಿಲ್ಲ ಎಂದು ಶಾಲೆಯವರು ಹೇಳಿದ್ದಾರಂತೆ. ನಾಟಕದ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಏಕೆ ಹೇಳುವುದಿಲ್ಲ ಎನ್ನುವುದು ಕೊನೆಗೆ ಗೊತ್ತಾಗುತ್ತದೆ. ಒಂದು ಗಳಿಗೆ ಬಿಟ್ಟು ಅವಳ ದನಿ ಸಣ್ಣದಾಯಿತು. "ಆದ್ರೆ ಎರಡು ದಿನ ಷೋ ಮಾಮ, ಒಂದೊಂದು ಪಾರ್ಟಿಗೆ ಇಬ್ಬಿಬ್ರು. ನಾನು ಸೆಕೆಂಡ್ ಡೇ." ಅಂದರೆ ದೇಶಕ್ಕೇ ಮೊದಲು ಅನ್ನಿಸಿಕೊಳ್ಳುವುದು ಹಿಂದಿನ ದಿನವೇ ಇನ್ನೊಬ್ಬಳ ಪಾಲಾಗಿರುತ್ತದೆ.

"ಅದಕ್ಯಾಕಮ್ಮ ಬೇಜಾರು, ನಾನೂ ಎರಡನೇ ಕೃಷ್ಣನೇ ಆಗಿದ್ದು" ಅಂದೆ.

ಎರಡನೇ ಕೃಷ್ಣ ಅಂದರೇನೆಂದು ಅವಳಿಗೆ ವಿವರಿಸಬೇಕಾಯಿತು. ಓದುಗರಲ್ಲಿ ಹಳೇ ಮೈಸೂರಿನ ಆಚೆಯವರಿದ್ದರೆ ಅವರಿಗೂ ಹೇಳಿಬಿಡುತ್ತೇನೆ. ನಮ್ಮ ಹಳ್ಳಿಗಳಲ್ಲಿ ಕುರುಕ್ಷೇತ್ರ ಊಟ ಮುಗಿದ ಮೇಲೆ ಶುರುವಾಗಿ, ಕೋಳಿ ಕೂಗುವ ಹೊತ್ತಿಗೆ ದುರ್ಯೋಧನನ ತೊಡೆ ಮುರಿಯುವವರೆಗೂ ನಡೆಯುತ್ತದೆ. ಅಷ್ಟು ಹೊತ್ತು ಒಬ್ಬನೇ ಹಾಡಿದರೆ ಗಂಟಲು ತಡೆಯುವುದಿಲ್ಲ ಎನ್ನುವುದು ಬಾಯಲ್ಲಿ ಹೇಳುವ ಕಾರಣ. ಒಳಗಿನ ಕಾರಣ ಬೇರೆ. ನಾಟಕದ ಖರ್ಚು ಹೊರುವವರು ಪಾರ್ಟು ಹಿಡಿದವರೇ. ಕೃಷ್ಣನಿಗೂ ದುರ್ಯೋಧನನಿಗೂ ಹೆಚ್ಚು ದುಡ್ಡು, ಕರ್ಣ, ಭೀಮ, ಶಕುನಿಗೆ ಅದಕ್ಕಿಂತ ಕಡಿಮೆ, ನಕುಲ ಸಹದೇವರದು ಹೆಸರಿಗೆ ಇಷ್ಟು ಅಂತ. ಕೃಷ್ಣನಾಗಬೇಕೆಂದು ದುಡ್ಡು ಹಿಡಿದುಕೊಂಡು ಬಂದವರು ಮೂವರಿದ್ದರೆ ಯಾರನ್ನು ವಾಪಸು ಕಳಿಸುವುದು? ಮನಸ್ತಾಪ ಪಂಚಾಯಿತಿ ಚುನಾವಣೆವರೆಗೂ ಹೋಗುತ್ತದೆ. ಆದ್ದರಿಂದ ಹಾಸಿಗೆಯ ಮೇಲೆ ಮಲಗಿದ್ದು ಅರ್ಜುನ ದುರ್ಯೋಧನರಿಗೆ ದರ್ಶನ ಕೊಡುವವನು ಒಂದನೇ ಕೃಷ್ಣ, ಸಂಧಾನಕ್ಕೆಂದು ಹಸ್ತಿನಾವತಿಗೆ ಹೋಗುವವನು ಎರಡನೇ ಕೃಷ್ಣ, ರಥ ಹೊಡೆದು ಗೀತೆ ಹೇಳುವವನು ಮೂರನೆಯವನು. ಒಬ್ಬ ಕಡ್ಡಿಯಂತಿದ್ದು ಇನ್ನೊಬ್ಬ ಹೊಟ್ಟೆ ಬಿಟ್ಟಿದ್ದರೂ ಜನ ಏನೂ ಅಂದುಕೊಳ್ಳುವುದಿಲ್ಲ. ದೇವರಲ್ಲವೇ, ಹೇಗೆ ಬೇಕಾದರೂ ಬಂದಾನು.

ದೊಡ್ಡವರ ಈ ನಾಟಕವನ್ನು ಶಾಲೆಯ ಮಕ್ಕಳಿಂದ ಆಡಿಸಬೇಕು ಎನ್ನುವ ಹುಚ್ಚು ಹಿಡಿದದ್ದು ನಮ್ಮ ಕನ್ನಡ ಮೇಷ್ಟ್ರಿಗೆ. 80ರ ದಶಕದ ಮಾತು, ನಾನಾಗ ತಗಡೂರಿನಲ್ಲಿ ಒಂಬತ್ತನೇ ಕ್ಲಾಸು. ತಗಡೂರೆಂದರೆ ಹೊರಗಿನವರಿಗೆ ಖಾದಿ, ತಗಡೂರು ರಾಮಚಂದ್ರರಾಯರು, 1934ರಲ್ಲಿ ಗಾಂಧೀಜಿ ಬಂದುಹೋದದ್ದು. ಊರೊಳಗಿನವರಿಗೆ ಮಾತ್ರ ಯಾವ ವರ್ಷ ಯಾರು ದುರ್ಯೋಧನ ಮಾಡಿದ್ದರು ಎನ್ನುವುದೇ ಚರಿತ್ರೆ. ವಾರ್ಷಿಕೋತ್ಸವಕ್ಕೆ ಕೋಲಾಟ, ಏಕಪಾತ್ರಾಭಿನಯ, ಕೊನೆಗೊಂದು ನಗೆನಾಟಕ, ಇಷ್ಟರಲ್ಲಿ ಮುಗಿಸುತ್ತಿದ್ದ ಶಾಲೆ ಏಕಾಏಕಿ ಹಾಡು, ಕಂದ, ಕಿರೀಟಗಳ ಸಮೇತ ಕುರುಕ್ಷೇತ್ರಕ್ಕೆ ಕೈಹಾಕಿತು. ಹೆಡ್‌ಮಾಸ್ತರರಿಗೆ ಎಸ್ಸೆಸ್ಸೆಲ್ಸಿ ರಿಸಲ್ಟಿನ ಚಿಂತೆ. ಊರ ಹಿರಿಯರದು ಇನ್ನೊಂದು ಚಿಂತೆ. "ಮೀಸೆ ಬರ್ದಿರೋ ಹೈಕಳು ದುರ್ಯೋದ್ನನ ಪಾರ್ಟು ಮಾಡದಾ? ಗದೆ ಎತ್ತಾರೇನಪ್ಪಾ?"

ಅದಕ್ಕೂ ದೊಡ್ಡ ಗಲಾಟೆ ದ್ರೌಪದಿಯದು. ದೊಡ್ಡವರ ನಾಟಕಕ್ಕೆ ಹೆಣ್ಣು ಪಾತ್ರದವರನ್ನು ಮೈಸೂರಿನಿಂದ ಸಂಭಾವನೆ ಕೊಟ್ಟು ಕರೆಸುವುದು ವಾಡಿಕೆ. ಅವರು ಸಂಜೆ ಬಸ್ಸಿಗೆ ಬಂದು, ಎಲ್ಲ ಹಾಡೂ ಬಾಯಿಪಾಠವಿರುವುದರಿಂದ ತಾಲೀಮೂ ಇಲ್ಲದೆ ಆಡಿ, ಬೆಳಗಿನ ಬಸ್ಸಿಗೆ ಹೊರಟುಬಿಡುತ್ತಿದ್ದರು. ನಮ್ಮ ಮೇಷ್ಟ್ರು ಹತ್ತನೇ ಕ್ಲಾಸಿನ ಹುಡುಗಿಯರನ್ನೇ ದ್ರೌಪದಿ, ಕುಂತಿ, ಉತ್ತರೆ ಮಾಡಿದರು. ಊರಿನ ಹೆಣ್ಣುಮಗಳೊಬ್ಬಳು ಊರಿನ ಸ್ಟೇಜಿನ ಮೇಲೆ ನಿಂತು ಹಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಕರಪತ್ರದ 'ಪ್ರಪ್ರಥಮ'ಕ್ಕೆ ಆ ವರ್ಷವಾದರೂ ಒಂದಿಷ್ಟು ಆಧಾರವಿತ್ತು ಎಂದಾಯಿತು. ಆದರೆ ಅದನ್ನು ಕರಪತ್ರದಲ್ಲಿ ಯಾರೂ ಹಾಕಿಸಲಿಲ್ಲ.

ಹಾರ್ಮೋನಿಯಂ ಮೇಷ್ಟ್ರು ಪಕ್ಕದ ಊರಿನವರು. ಸೈಕಲ್ ಕ್ಯಾರಿಯರಿಗೆ ಪೆಟ್ಟಿಗೆ ಕಟ್ಟಿಕೊಂಡು, ನಮ್ಮ ಕಡೆಯ ಬಿಸಿಲಿನಲ್ಲಿ ಬೆವರುತ್ತ ಬರುತ್ತಿದ್ದರು. ಅವರ ಬಳಿ ಕೆಂಪು ಬಟ್ಟೆಯಲ್ಲಿ ಸುತ್ತಿದ ಒಂದು ಹಳೆಯ ನೋಟುಬುಕ್ಕು. ಅದನ್ನು ಬಿಚ್ಚಿ ಓದುತ್ತಿದ್ದರೇ ಹೊರತು ಯಾರ ಕೈಗೂ ಕೊಟ್ಟವರಲ್ಲ. ಸ್ವರ ಬರೆದುಕೊಡುವುದೆಲ್ಲ ಇರಲಿಲ್ಲ. ಅವರು ಹಾಡಬೇಕು, ನಾವು ಹಾಡಬೇಕು, ತಪ್ಪಿದರೆ ಪೆಟ್ಟಿಗೆಯ ಮೇಲೆ ಬೆರಳಿನಿಂದ ಒಂದು ಕುಟುಕು. ಒಂದು ಹಾಡು ಮರಾಠಿ ಕಂಪನಿಯವರ ಮಟ್ಟು, ಇನ್ನೊಂದು ಹಿಂದಿ ಸಿನಿಮಾದ್ದು, ಮತ್ತೊಂದು ಯಾವ ಕಾಲದ್ದೋ ಪಾರ್ಸಿ ನಾಟಕದ್ದು ಎಂದು ಹೇಳುತ್ತಿದ್ದರು. ನನಗೆ ಅವರ ಎಚ್ಚರಿಕೆ ಒಂದೇ: "ರಾಜ್‌ಕುಮಾರ್ ಥರ ಹಾಡಕ್ಕೋಗ್ಬೇಡ ಕನಪ್ಪ." ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಗುಬ್ಬಿ ಕಂಪನಿಯಿಂದ ಸಿನಿಮಾಕ್ಕೆ ಹೋದ ಮೇಲೆ ನಮ್ಮ ಸೀಮೆಯಲ್ಲಿ ಬಾಯಿ ತೆರೆದವರೆಲ್ಲ ಅವರಂತೆಯೇ ಹಾಡಲು ಹೋಗಿ ಎಷ್ಟು ಕುರುಕ್ಷೇತ್ರಗಳು ಕೆಟ್ಟಿವೆಯೋ. ಅಷ್ಟರಲ್ಲಿ ನನ್ನ ಗಂಟಲು ಒಡೆಯಿತು. ಮೇಷ್ಟ್ರು ತಲೆ ಕೆಡಿಸಿಕೊಳ್ಳಲಿಲ್ಲ. ಶ್ರುತಿ ಎರಡು ಮನೆ ಇಳಿಸಿದರು, ಮೇಲಕ್ಕೆ ಹೋಗುವ ಸಾಲೊಂದನ್ನು ಹಾರಿಸಿ ಆ ಜಾಗಕ್ಕೆ ಮಾತು ತುಂಬಿದರು. ನಾಟಕ ಬರೆದವರನ್ನು ಕೇಳುವ ಪ್ರಶ್ನೆಯೇ ಹುಟ್ಟಲಿಲ್ಲ.

ತಾಲೀಮು ನಡೆಯುತ್ತಿದ್ದುದು ಶಾಲೆ ಬಿಟ್ಟ ಮೇಲೆ, ವರಾಂಡದಲ್ಲಿ. ಗೋಡೆಯಿಲ್ಲದ ಜಾಗ, ಗುಟ್ಟಿಗೆ ಎಡೆಯೇ ಇಲ್ಲ. ಹೊಲದಿಂದ ಬರುವವರು ಎತ್ತು ನಿಲ್ಲಿಸಿ ನೋಡುತ್ತಿದ್ದರು. ಬೀಡಿ ಹಚ್ಚಿ ಕುಳಿತ ಹಳೆಯ ಪಾತ್ರಧಾರಿಗಳು ನಮ್ಮ ಅಭಿನಯಕ್ಕಿಂತ ಮೇಷ್ಟ್ರ ಬೆರಳುಗಳನ್ನು ಹೆಚ್ಚು ಗಮನಿಸುತ್ತಿದ್ದರು. ಹದಿನೈದು ದಿನ ಕಳೆಯುವುದರೊಳಗೆ ಹಾಡುಗಳು ವರಾಂಡ ಇಳಿದು ಊರೊಳಕ್ಕೆ ಹೊರಟುಬಿಟ್ಟವು. ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ನಿಂತವರು ದ್ರೌಪದಿಯ ದುಃಖ ಹಾಡುತ್ತಿದ್ದರು. ಟೀ ಅಂಗಡಿಯವನು ಲೋಟ ತೊಳೆಯುತ್ತ ಶಕುನಿಯ ನಗೆ ನಗುತ್ತಿದ್ದ. ಭೀಮನ ಪಾರ್ಟಿನ ಹುಡುಗ ಒಂದು ಕಡೆ ತಾಳ ತಪ್ಪುತ್ತಾನೆ ಎನ್ನುವುದು ಅವನ ಅತ್ತೆ ಮನೆಗೂ ಗೊತ್ತಾಗಿತ್ತು. ಸಂತೆಗೆ ಹೋದರೆ, "ಏನ್ಲಾ ಕೃಷ್ಣ, ಸಂಧಾನ ಎಲ್ಲೀಗಂಟ ಬಂತು?" ಎಂದು ಗುರುತಿಲ್ಲದವರೂ ಕೇಳುತ್ತಿದ್ದರು. ಆ ದಿನಗಳ ಸಡಗರ ನಾಟಕದ ರಾತ್ರಿಗೆ ಉಳಿಯಲಿಲ್ಲವೆಂದೇ ನನ್ನ ಎಣಿಕೆ. ರಾತ್ರಿ ಅಂಕದ ಪರದೆ ಎದ್ದಾಗ ಊರಿಗೆ ಗೊತ್ತಿಲ್ಲದ ಒಂದು ಸಾಲೂ ನಮ್ಮ ಬಾಯಲ್ಲಿರಲಿಲ್ಲ. ಜನ ಬಂದದ್ದು ಹೊಸದನ್ನು ಕಾಣುವುದಕ್ಕಲ್ಲ. ಇಷ್ಟು ದಿನ ತಾವೂ ಸೇರಿ ಕಲಿತದ್ದನ್ನು ಹುಡುಗರು ಸರಿಯಾಗಿ ಒಪ್ಪಿಸುತ್ತಾರೋ ಇಲ್ಲವೋ ನೋಡಲು.

ಹಾಗೆಂದು ಆ ರಾತ್ರಿ ಸಪ್ಪೆಯಾಗಿತ್ತೆಂದಲ್ಲ. ಬಾಡಿಗೆಗೆ ತಂದ ಸೀನರಿಯಲ್ಲಿ ದರ್ಬಾರು, ಕಾಡು, ಬೀದಿ ಎಲ್ಲ ಇತ್ತು, ಕಾಡಿನಲ್ಲೊಂದು ಹುಲಿಯೂ ಇತ್ತು. ದೊಡ್ಡವರ ಅಳತೆಯ ಕಿರೀಟಗಳು ನಮ್ಮ ತಲೆಗಳಲ್ಲಿ ನಿಲ್ಲದೆ ಒಳಗೆ ಹಳೆಯ ಪೇಪರು ತುರುಕಿದರು. ವಿದುರನಿಗೆ ರೇಷ್ಮೆ ಸಾಲದೆ ಬಂದಾಗ ಯಾರೋ ಮನೆಯಿಂದ ಖಾದಿ ಶಲ್ಯ ತಂದು ಹೊದಿಸಿದರು. ಅದು ಅವನಿಗೆ ಎಷ್ಟು ಒಪ್ಪಿತೆಂದರೆ ಆಮೇಲೆ ದೊಡ್ಡವರ ನಾಟಕದಲ್ಲೂ ವಿದುರನಿಗೆ ಖಾದಿಯೇ ಗತಿಯಾಯಿತು. ನಾನು ಕೌರವ ಸಭೆಯಲ್ಲಿ ನಿಂತು ಐದು ಊರಾದರೂ ಕೊಡು ಎಂದು ಕೈ ಚಾಚಿದ್ದೇನೆ, ಅಷ್ಟರಲ್ಲಿ ಮೈಕು, "ದುರ್ಯೋಧನ ಪಾತ್ರಧಾರಿಗೆ ಅವರ ಸೋದರಮಾವನವರಿಂದ ಹಾರ ಮತ್ತು ಬಹುಮಾನ" ಎಂದಿತು. ಮಾವ ಸ್ಟೇಜು ಹತ್ತಿ, ಹಾರ ಹಾಕಿ, ನೋಟು ಪಿನ್ನು ಮಾಡಿ, ಹೋಗುವಾಗ ದಾಕ್ಷಿಣ್ಯಕ್ಕೆ ನನ್ನ ಬೆನ್ನನ್ನೂ ತಟ್ಟಿ ಇಳಿದರು. ಚಾಚಿದ ಕೈ ಹಾಗೇ ಇತ್ತು. ಸಂಧಾನ ಮುರಿದು ಬೀಳಲು ವ್ಯಾಸರು ಕೊಟ್ಟ ಕಾರಣಗಳ ಜೊತೆಗೆ ಇದನ್ನೂ ಸೇರಿಸಬಹುದು.

ದ್ರೌಪದಿ ಬಂದಾಗ ಮುಂದಿನ ಸಾಲಿನಲ್ಲಿ ಎಲೆ ಅಡಿಕೆ ಹಾಕುತ್ತ ಕೂತಿದ್ದ ಅವಳ ಅಜ್ಜಿ ಒಂದೊಂದು ಸಾಲನ್ನೂ ಮೊಮ್ಮಗಳಿಗಿಂತ ಅರ್ಧ ಗಳಿಗೆ ಮೊದಲೇ ಹೇಳುತ್ತಿದ್ದಳು, ಗಟ್ಟಿಯಾಗಿ. ಯಾರೋ ಸುಮ್ಮನಿರಜ್ಜಿ ಎಂದರೆ, "ತಪ್ಪೋಯ್ತವ್ಳೆ ಕನಪ್ಪ, ಯೋಳ್ಕೊಡ್ಬೇಡ್ವಾ?" ಎಂದು ಅವರ ಮೇಲೇ ತಿರುಗಿದಳು. ಹುಡುಗಿ ತಪ್ಪಲಿಲ್ಲ. ಒನ್ಸ್ ಮೋರ್ ಬಿತ್ತು. ಎರಡನೇ ಸಲ ಅಜ್ಜಿ ಬಾಯಿ ಬಿಡದೆ ಕೇಳಿದಳು. ಗಾಂಧೀಜಿ ಬಂದಾಗ ಕಂಡಿದ್ದ ಮುದುಕರೊಬ್ಬರು ಅವತ್ತಿಗಿಂತ ಇವತ್ತೇ ಜನ ಜಾಸ್ತಿ ಎಂದು ತೀರ್ಪು ಕೊಟ್ಟರು. ಅವತ್ತು ಅವರು ಎಷ್ಟು ಚಿಕ್ಕ ಹುಡುಗನಾಗಿದ್ದರೆಂದು ಯಾರೂ ಕೇಳಲಿಲ್ಲ.

ಹೀಗೆ ಒಂದು ರಾತ್ರಿಗೆಂದು ಮುಖಕ್ಕೆ ಬಣ್ಣ ಬಳಿಸಿಕೊಂಡವರಲ್ಲಿ ಬಹುತೇಕರು ಬೆಳಗ್ಗೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿಕೊಂಡು ಎಂದಿನ ಕೆಲಸಕ್ಕೆ ಹೋಗುತ್ತಾರೆ, ನನ್ನ ಹಾಗೆ. ಎಲ್ಲೋ ಒಬ್ಬರಿಗೆ ಬಣ್ಣ ಹೋಗುವುದೇ ಇಲ್ಲ. ದಕ್ಷಿಣ ಕನ್ನಡದ ಶಾಲೆಯೊಂದರಲ್ಲಿ ಮೂರನೇ ಕ್ಲಾಸಿನ ಹುಡುಗನೊಬ್ಬ ಕುವೆಂಪು ಅವರ 'ನನ್ನ ಗೋಪಾಲ'ದಲ್ಲಿ ಪಾತ್ರ ಮಾಡಿದ. ಆಡಿಸಿದವರು ಪಿ.ಕೆ. ನಾರಾಯಣ ಎನ್ನುವ ಮೇಷ್ಟ್ರು. ಆ ಹುಡುಗ ಆಮೇಲೆ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿಕೊಂಡ. ಗುಬ್ಬಿ ವೀರಣ್ಣನವರು ಅವನನ್ನು ಎಂ.ಎ. ಓದಲು ಕಾಶಿಗೆ ಕಳಿಸಿದರು. 1972ರಲ್ಲಿ ಕಂಬಾರರ 'ಜೋಕುಮಾರಸ್ವಾಮಿ'ಯನ್ನು ಬೆಂಗಳೂರಿನಲ್ಲಿ ಮೊದಲ ಸಲ ಬಯಲಿಗೆ ತಂದು ಕನ್ನಡಕ್ಕೆ ಹೊಸ ಹಾಡಿನ ಹುಚ್ಚು ಹಿಡಿಸಿದವರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದವರು ಅವರೇ, ಬಿ.ವಿ. ಕಾರಂತ. ಆ ಶಾಲೆಯ ಹೆಡ್‌ಮಾಸ್ತರರಿಗೆ ರಿಸಲ್ಟಿನ ಚಿಂತೆ ಸ್ವಲ್ಪ ಹೆಚ್ಚಾಗಿದ್ದಿದ್ದರೆ ಏನಾಗುತ್ತಿತ್ತೋ ಎಂದು ನಾನು ಆಗಾಗ ಯೋಚಿಸುವುದುಂಟು.

ಇರಲಿ, ಬೆಂಗಳೂರಿಗೆ ಬರೋಣ. ನಾಟಕ ಇದ್ದದ್ದು ಚೌಡಯ್ಯ ಸ್ಮಾರಕ ಭವನದಲ್ಲಿ, ಪಿಟೀಲಿನ ಆಕಾರದ ಆ ಕಟ್ಟಡದಲ್ಲಿ. ಕೆ.ಕೆ. ಮೂರ್ತಿಯವರು ಹಟ ಹಿಡಿದು ಕಟ್ಟಿಸಿ 1980ರಲ್ಲಿ ತೆರೆದದ್ದು. ಗೇಟಿನಲ್ಲಿ ನಿಂತ ಅಪ್ಪ ಅಮ್ಮಂದಿರಿಗೆ ಆ ಚೌಡಯ್ಯನವರು ಯಾವ ಊರಿನವರು ಎಂದು ಹೇಳಬೇಕೆಂದು ನನ್ನ ನಾಲಗೆ ತುರಿಸುತ್ತಿತ್ತು. ತಿರುಮಕೂಡಲು, ನಮ್ಮ ನರಸೀಪುರದ ಸಂಗಮ. ಮೈಕಿಲ್ಲದ ಕಾಲದಲ್ಲಿ ದೊಡ್ಡ ಸಭೆಯ ಕೊನೆಯ ಸಾಲಿಗೂ ಕೇಳಬೇಕೆಂದು ಪಿಟೀಲಿಗೆ ಏಳು ತಂತಿ ಕಟ್ಟಿದ ಮನುಷ್ಯ. ಅವರ ಹೆಸರಿನ ಕಟ್ಟಡದೊಳಗೆ ಈಗ ಮಕ್ಕಳ ಕೆನ್ನೆಗೆ ಒಂದೊಂದು ಸಣ್ಣ ಮೈಕು ಅಂಟಿಸಿದ್ದರು.

ಈ ಮ್ಯೂಸಿಕಲ್ ವ್ಯವಹಾರ ನನಗೆ ಗೊತ್ತಾದದ್ದು ತಂಗಿಯಿಂದ. ಇಂಥ ನಾಟಕಗಳ ಹಕ್ಕು ನ್ಯೂಯಾರ್ಕಿನ ಮ್ಯೂಸಿಕ್ ಥಿಯೇಟರ್ ಇಂಟರ್‌ನ್ಯಾಷನಲ್‌ನಂಥ ಸಂಸ್ಥೆಗಳ ಕೈಯಲ್ಲಿರುತ್ತದೆ. ಅರ್ಜಿ ಹಾಕಬೇಕು, ಎಷ್ಟು ಪ್ರದರ್ಶನ, ಎಷ್ಟು ಆಸನ, ಟಿಕೆಟಿಗೆ ಎಷ್ಟು ಎಂದು ಬರೆಯಬೇಕು, ಅದರ ಮೇಲೆ ದುಡ್ಡು. ಮಕ್ಕಳಿಗೆಂದೇ ಒಂದು ಗಂಟೆಗೆ ಇಳಿಸಿದ ಆವೃತ್ತಿಗಳಿವೆ, ಶಾಲೆಗಳಿಗೆಂದು ಬೇರೆಯೇ ಇವೆ. ವಾದ್ಯದವರಿಲ್ಲದವರಿಗೆ ಧ್ವನಿಮುದ್ರಿಕೆಯನ್ನೂ ಕೊಡುತ್ತಾರೆ. ಒಂದು ಮಾತು ಬದಲಿಸುವಂತಿಲ್ಲ, ಹೇಳದೆ ಒಂದು ಹಾಡು ಬಿಡುವಂತಿಲ್ಲ. ಕೆಲವು ನಾಟಕಗಳ ಪುಸ್ತಕಗಳನ್ನಂತೂ ಬಾಡಿಗೆಗೆ ಕಳಿಸಿ, ಆಟ ಮುಗಿದ ಮೇಲೆ ಪೆನ್ಸಿಲಿನ ಗುರುತನ್ನೆಲ್ಲ ರಬ್ಬರಿನಿಂದ ಅಳಿಸಿ ವಾಪಸು ಕಳಿಸಿ ಅನ್ನುತ್ತಾರಂತೆ. ಕೆಂಪು ಬಟ್ಟೆಯ ನೋಟುಬುಕ್ಕಿನ ನಮ್ಮ ಮೇಷ್ಟ್ರಿಗೆ ಈ ಕೊನೆಯ ಷರತ್ತು ತುಂಬ ಮೆಚ್ಚುಗೆಯಾಗುತ್ತಿತ್ತು. ಮೊದಲನೆಯದು ಮಾತ್ರ ಅವರಿಗೆ ಅರ್ಥವೇ ಆಗುತ್ತಿರಲಿಲ್ಲ. ಗಂಟಲು ಒಡೆದ ಹುಡುಗನಿಗೆ ಶ್ರುತಿ ಇಳಿಸಬೇಕಾದರೆ ಯಾರಿಗೋ ಕಾಗದ ಬರೆಯುವುದೇ?

ಕಾನೂನು ತಪ್ಪೆಂದು ನಾನು ಹೇಳುವುದಿಲ್ಲ. ಬರೆದವನೂ ರಾಗ ಹಾಕಿದವನೂ ಊಟ ಮಾಡಬೇಕು. ನಮ್ಮ ಕಂಪನಿ ನಾಟಕದ ಎಷ್ಟು ಕವಿಗಳು ಹೆಸರೂ ಇಲ್ಲದೆ, ಕಾಸೂ ಇಲ್ಲದೆ ಹೋದರು. ಸಾವಿರಾರು ಕುರುಕ್ಷೇತ್ರಗಳಲ್ಲಿ ಒಂದೊಂದಕ್ಕೂ ಒಂದು ರೂಪಾಯಿ ಹೋಗಿದ್ದರೂ ಅವರ ಮಕ್ಕಳು ಮನೆ ಕಟ್ಟುತ್ತಿದ್ದರು. ಆದರೆ ತಾಲೀಮನ್ನು ಫೋನಿನಲ್ಲಿ ಹಿಡಿಯಬಾರದು, ಹಾಡು ಹೊರಗೆ ಹೋಗಬಾರದು ಎಂದು ತಿಂಗಳುಗಟ್ಟಲೆ ಬಾಗಿಲು ಹಾಕಿಕೊಂಡು ಕಲಿತ ಮಕ್ಕಳನ್ನು ನೋಡಿದಾಗ, ಪಾಪ, ಸಡಗರವನ್ನೆಲ್ಲ ಇವರೇ ಹೊರಬೇಕಾಯಿತಲ್ಲ ಅನ್ನಿಸಿತು. ಸಭೆಯಲ್ಲಿ ಯಾರಿಗೂ ಒಂದು ಹಾಡೂ ಬರುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಹೇಳಿಕೊಡುವ ಅಜ್ಜಿಯಿರಲಿಲ್ಲ. ಪ್ರತಿಯೊಬ್ಬರೂ ತಮ್ಮ ಮಗು ಎಲ್ಲಿದೆ ಎಂದು ಹುಡುಕುತ್ತಿದ್ದರು.

ಮಕ್ಕಳು ಮಾತ್ರ ಚೆನ್ನಾಗಿ ಮಾಡಿದರು, ಸುಳ್ಳು ಹೇಳಬಾರದು. ನಲವತ್ತು ಐವತ್ತು ಮಕ್ಕಳು ಒಟ್ಟಿಗೆ ಬಾಯಿ ತೆರೆದಾಗ ಮೈ ಜುಮ್ಮೆಂದಿತು. ನಮ್ಮ ಪೌರಾಣಿಕ ನಾಟಕದಲ್ಲಿ ಅದಿಲ್ಲ. ಅಲ್ಲಿ ಒಬ್ಬ ಹಾಡುವಾಗ ಉಳಿದವರು ತಮ್ಮ ಸರದಿ ಯಾವಾಗ ಎಂದು ಕಾಯುತ್ತ ಮೀಸೆ ಸರಿಮಾಡಿಕೊಳ್ಳುತ್ತಾರೆ. ನಮ್ಮ ಹುಡುಗಿಯೂ ಹೆದರದೆ ಹಾಡಿದಳು. ಮುಗಿದ ಮೇಲೆ ಗ್ರೀನ್‌ರೂಮಿನಿಂದ ಓಡಿಬಂದು ಅವಳು ಮೊದಲು ಹೇಳಿದ್ದು, "ಮಾಮ, ನಿನ್ನೆ ಅವಳು ಒಂದ್ಕಡೆ ಟೆಂಪೋ ಬಿಟ್ಳು, ನಾನು ಬಿಡ್ಲಿಲ್ಲ." ಮೊದಲನೆಯವರು ಎಲ್ಲಿ ಎಡವುತ್ತಾರೆ ಎನ್ನುವುದನ್ನು ಸೈಡ್ ವಿಂಗಿನಲ್ಲಿ ನಿಂತು ನೋಡಿಕೊಂಡಿರುವುದೊಂದು ಅನುಕೂಲ ನಮಗಿದೆ. ನಾನೂ ಒಂದನೇ ಕೃಷ್ಣ ಎಲ್ಲಿ ಉಸಿರು ಹಿಡಿಯುತ್ತಾನೆಂದು ನೋಡಿ ನೋಡಿಯೇ ನನ್ನದನ್ನು ಸರಿಮಾಡಿಕೊಂಡಿದ್ದು.

ಬೇಸಿಗೆ ರಜೆಗೆ ಅವಳು ತಗಡೂರಿಗೆ ಬಂದಳು. ಆ ನಾಟಕ ಇನ್ನು ಆಡುವಂತಿಲ್ಲ, ಹಕ್ಕಿನ ಅವಧಿ ಎರಡೇ ದಿನದ್ದು. ಹಾಡುವುದನ್ನು ತಡೆಯುವವರು ಯಾರು? ಜಗಲಿಯ ಮೇಲೆ ಕೂತು ಸಂಜೆಯೆಲ್ಲ ಹಾಡುತ್ತಿದ್ದಳು. ಎದುರು ಮನೆಯಲ್ಲಿ ನಮ್ಮ ಒಂದನೇ ಕೃಷ್ಣ ಇದ್ದಾನೆ. ಈಗ ತಲೆ ಬೋಳು, ಮಂಡಿ ನೋವು, ಊರಿನ ನಾಟಕ ಮಂಡಳಿಗೆ ಅವನೇ ಯಜಮಾನ. ನಾಲ್ಕು ದಿನ ದೂರದಿಂದ ಕೇಳಿದ. ಐದನೇ ದಿನ ಪೆಟ್ಟಿಗೆ ಹೊರಿಸಿಕೊಂಡು ಬಂದೇಬಿಟ್ಟ.

"ಮಗಾ, ಆ ಎರಡ್ನೇದು ಇನ್ನೊಂದ್ ಸಲ ಯೋಳು."

ಅವಳು ಹಾಡಿದಳು. ಅವನು ಕಣ್ಣು ಮುಚ್ಚಿ ಬೆರಳಾಡಿಸಿದ. ಮೂರನೇ ಸಲಕ್ಕೆ ಮಟ್ಟು ಕೈಗೆ ಸಿಕ್ಕಿತು. "ಉತ್ತರೆ ಅಭಿಮನ್ಯು ಸೀನ್ಗೆ ಕೂತ್ಕತದೆ ಕನ್ಲಾ" ಎಂದು ನನ್ನ ಕಡೆ ತಿರುಗಿದ. "ಹಳೇ ಹಾಡು ಕೇಳಿ ಕೇ‍ಳಿ ಜನುಕ್ಕೂ ಸಾಕಾಗದೆ. ಸಾಹಿತ್ಯ ನೀ ಬರಿ."

ಹುಡುಗಿ ಗಾಬರಿಯಿಂದ ನನ್ನ ಮುಖ ನೋಡಿದಳು. "ಮಾಮ, ಅದಕ್ಕೆ ರೈಟ್ಸ್ ಇದೆ!"

"ರೈಟೇ ಅಂತ ನಾನೂ ಯೋಳ್ತಿರದು" ಅಂದ ಅವನು, ಪೆಟ್ಟಿಗೆಯ ತಿದಿ ಒತ್ತುತ್ತ. "ಶ್ರುತಿ ಒಂಚೂರು ಇಳಿಸ್ಬೇಕು ಅಷ್ಟೇಯ."

ಮುಂದಿನ ಯುಗಾದಿ ಕಳೆದ ಮೇಲೆ ನಾಟಕವಂತೆ. ಅಭಿಮನ್ಯುವಿಗೆ ಈಗಾಗಲೇ ಇಬ್ಬರು ದುಡ್ಡು ಕೊಟ್ಟಿದ್ದಾರೆ. ಕರಪತ್ರದ ಒಕ್ಕಣೆ ಬರೆಯುವ ಕೆಲಸವನ್ನೂ ನನಗೇ ಹಚ್ಚಿದ್ದಾನೆ. ಉಳಿದದ್ದು ಇನ್ನೂ ಬರೆದಿಲ್ಲ, ಮೊದಲ ಎರಡು ಪದ ಮಾತ್ರ ಎಂದಿನಂತೆ ಹಾಕಿಟ್ಟಿದ್ದೇನೆ.